ಮಚ್ಛೆ ಹತ್ತಿರ ಇದ್ದರೆ ಹಾಜರಿ ಹೆಚ್ಚಾಗುವುದಿಲ್ಲ

ಸೆಮಿಸ್ಟರಿನ ಕೊನೆಯ ವಾರ ಬಂತೆಂದರೆ ಬೆಳಗಾವಿಯ ನಮ್ಮ ಎಂಜಿನಿಯರಿಂಗ್ ಕಾಲೇಜಿನ ಶೈಕ್ಷಣಿಕ ವಿಭಾಗದ ಮುಂದೆ ಡಾಕ್ಟರ ಸರ್ಟಿಫಿಕೇಟ್ ಹಿಡಿದ ಅಪ್ಪಂದಿರ ಸಾಲು ಶುರು. ರಾಯಬಾಗ, ಗೋಕಾಕ, ಮುಧೋಳ, ಜಮಖಂಡಿ ಕಡೆಯಿಂದ ನಸುಕಿನ ಬಸ್ಸಿಗೆ ಹೊರಟು, ಆಫೀಸು ತೆರೆಯುವ ಮೊದಲೇ ಬಂದು ಬೆಂಚಿನ ಮೇಲೆ ಕೂತಿರುತ್ತಾರೆ. ಮಗ ಎರಡು ಹೆಜ್ಜೆ ಹಿಂದೆ ನಿಂತು ಮೊಬೈಲು ತೀಡುತ್ತಿರುತ್ತಾನೆ. ಸರ್ಟಿಫಿಕೇಟಿನಲ್ಲಿರುವ ಜಡ್ಡು ಬಹುತೇಕ ಟೈಫಾಯ್ಡ್. ನಮ್ಮ ವಿದ್ಯಾರ್ಥಿಗಳಿಗೆ ಸೆಮಿಸ್ಟರಿನ ಕೊನೆಗೆ ಬರುವ ಟೈಫಾಯ್ಡನ್ನೆಲ್ಲ ಲೆಕ್ಕ ಹಿಡಿದರೆ ಆರೋಗ್ಯ ಇಲಾಖೆ ಕಾಲೇಜಿಗೇ ಬಂದು ಬಿಡಾರ ಹೂಡಬೇಕಾಗುತ್ತದೆ.

"ಅಕ್ಕೋರ, ಸರ್ಟಿಫಿಕೇಟ್ ತಂದೀನ್ರಿ. ಇನ್ನ ಹಾಜರಿ ಹಾಕಬೌದಲ್ರಿ?"

ಹಾಕಲು ಬರುವುದಿಲ್ಲ. ಪ್ರತಿ ಸೆಮಿಸ್ಟರ್ ಇದೇ ಉತ್ತರ ಕೊಡುತ್ತ ಬಂದಿದ್ದೇನೆ, ಪ್ರತಿ ಸೆಮಿಸ್ಟರ್ ಅದೇ ಪ್ರಶ್ನೆ ಬರುತ್ತದೆ. ಆದ್ದರಿಂದ ಒಮ್ಮೆ ಬರೆದೇ ಬಿಡುತ್ತೇನೆ. ಸೀಟು ಸಿಗುವುದು, ಫೀ ತುಂಬುವುದು, ದಾಖಲೆ ಪರಿಶೀಲನೆ, ಇವೆಲ್ಲ ನಿಮಗೆ ಗೊತ್ತಿವೆ. ಸಿಇಟಿ ಕೌನ್ಸೆಲಿಂಗ್ ಮುಗಿಸಿ ಬಂದ ಅಪ್ಪ-ಅಮ್ಮನಿಗೆ ಆ ವಿಷಯದಲ್ಲಿ ನಾನು ಹೇಳಿಕೊಡುವಂಥದ್ದು ಏನೂ ಉಳಿದಿರುವುದಿಲ್ಲ.

ಬೆಳಗಾವಿ ಹತ್ತಿರದ ಮಚ್ಛೆಯಲ್ಲಿರುವ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ, ಅಂದರೆ ನಮ್ಮ ವಿಟಿಯುದ ನಿಯಮದಲ್ಲಿ ಪ್ರತಿ ವಿಷಯಕ್ಕೂ ಶೇ. 85 ಹಾಜರಿ ಬೇಕು. ಕಾಯಿಲೆ, ವಿಶ್ವವಿದ್ಯಾಲಯ ಮಟ್ಟದ ಕ್ರೀಡೆ, ಸಾಂಸ್ಕೃತಿಕ ಸ್ಪರ್ಧೆ, ವಿಚಾರ ಸಂಕಿರಣ, ಇಂಥ ತಕ್ಕ ಕಾರಣ ಇದ್ದರೆ, ಪ್ರಾಂಶುಪಾಲರು ಶಿಫಾರಸು ಮಾಡಿದರೆ, ಕುಲಪತಿಗಳು ಶೇ. 10ರವರೆಗಿನ ಕೊರತೆಯನ್ನು ಮನ್ನಿಸಬಹುದು. ನಿಯಮ ಇಷ್ಟೇ. ಇದರಲ್ಲಿ 'ಮನ್ನಿಸಬಹುದು' ಎಂದಿದೆ, 'ಮನ್ನಿಸತಕ್ಕದ್ದು' ಎಂದಿಲ್ಲ. ಶೇ. 10 ಎಂದಿದೆ, ಬೇಕಾದಷ್ಟು ಎಂದಿಲ್ಲ.

ಈಗ ಲೆಕ್ಕ. ಒಂದು ವಿಷಯಕ್ಕೆ ಒಂದು ಸೆಮಿಸ್ಟರಿನಲ್ಲಿ 40 ತಾಸು ಪಾಠ ನಡೆಯಿತು ಅಂದುಕೊಳ್ಳಿ. ಅದರ ಶೇ. 85 ಅಂದರೆ 34. ಆರು ತಾಸು ತಪ್ಪಿಸಿದರೆ ಯಾರೂ ಯಾಕೆಂದು ಕೇಳುವುದಿಲ್ಲ, ಸರ್ಟಿಫಿಕೇಟೂ ಬೇಡ. ಏಳರಿಂದ ಹತ್ತು ತಾಸಿನವರೆಗೆ ತಪ್ಪಿದ್ದರೆ ಕಾರಣ ಬೇಕು, ಕಾಗದ ಬೇಕು, ಮೇಲಿನವರ ಒಪ್ಪಿಗೆ ಬೇಕು. ಹನ್ನೊಂದನೆಯ ತಾಸು ತಪ್ಪಿತೋ, ಹಾಜರಿ 29ಕ್ಕೆ ಬಂದು ಶೇ. 72.5 ಆಯಿತು. ಅಲ್ಲಿಗೆ ಮುಗಿಯಿತು. ನಿಮ್ಮ ಸರ್ಟಿಫಿಕೇಟು ನಿಜವಾದದ್ದಿರಬಹುದು, ಹುಡುಗ ನಿಜವಾಗಿಯೂ ಆಸ್ಪತ್ರೆಯಲ್ಲಿ ಸಲಾಯಿನ್ ಹಚ್ಚಿಕೊಂಡು ಮಲಗಿದ್ದಿರಬಹುದು. ಆದರೂ ಆ ಕಾಗದ ಹಾಜರಿ ಪುಸ್ತಕಕ್ಕೆ ಒಂದು ತಾಸನ್ನೂ ಸೇರಿಸುವುದಿಲ್ಲ. 31 ಇದ್ದದ್ದು 31ಆಗಿಯೇ ಇರುತ್ತದೆ. 75ರಿಂದ 85ರ ನಡುವೆ ಸಿಕ್ಕಿಕೊಂಡವನಿಗೆ 'ಇವನ ಕಾರಣ ಒಪ್ಪುವಂಥದ್ದು' ಎಂದು ಹೇಳಲು ಮಾತ್ರ ಅದು ಬರುತ್ತದೆ. ಎಪ್ಪತ್ತಕ್ಕೆ ಕೂತವನ ಸರ್ಟಿಫಿಕೇಟು ನಾನು ಓದಿದರೂ ಅಷ್ಟೇ, ಓದದಿದ್ದರೂ ಅಷ್ಟೇ.

ಆರು ತಾಸು ಅಂದರೆ ಬಹಳ ಅನಿಸಬಹುದು. ವಾರಕ್ಕೆ ಮೂರು ತಾಸು ನಡೆಯುವ ವಿಷಯಕ್ಕೆ ಅದು ಎರಡೇ ವಾರ. ಗಣಪತಿ ಕೂಡಿಸಿ ಕಳಿಸುವವರೆಗೆ ಒಂದು ವಾರ, ದೀಪಾವಳಿ ರಜೆಗೆ ಹಿಂದೆ ಮುಂದೆ ಜೋಡಿಸಿದ ದಿನ ಸೇರಿ ಇನ್ನೊಂದು ವಾರ. ಆಮೇಲೆ ಸವದತ್ತಿ ಎಲ್ಲಮ್ಮನ ಹುಣ್ಣಿವೆಗೆ ಮನೆಮಂದಿಯೆಲ್ಲ ಹೊರಟಾಗ ಇವನೂ ಹೋಗುತ್ತಾನೆ. ಹೋಗಬೇಡ ಅಂತ ನಾನಂತೂ ಹೇಳಲಾರೆ, ನಮ್ಮ ಮನೆಯಲ್ಲೇ ಬಂಡಿ ಕಟ್ಟಿಕೊಂಡು ಹೋದವರಿದ್ದಾರೆ. ಆದರೆ ಅದು ಏಳನೆಯ ತಾಸು ಎಂಬುದು ಹುಡುಗನಿಗೆ ಗೊತ್ತಿರಬೇಕು. ಕಬ್ಬಿನ ಹಂಗಾಮಿನಲ್ಲಿ ಗ್ಯಾಂಗಿನವರು ಬಂದರು, ಕಾರ್ಖಾನೆಯಿಂದ ಗಾಡಿ ಬಂತು, ತೂಕದ ಚೀಟಿ ನೋಡಿಕೊಳ್ಳಲು ಒಬ್ಬರು ಬೇಕು ಎಂದು ಅಪ್ಪನೇ ಫೋನು ಮಾಡಿ ಕರೆಸಿಕೊಂಡಿರುತ್ತಾನೆ. ಅದೇ ಅಪ್ಪ ಆಮೇಲೆ ಬಂದು, "ನನಗ ಗೊತ್ತss ಇರಲಿಲ್ರಿ, ಅಂವ ಸಾಲಿಗೆ ಹೊಂಟೀನಿ ಅಂತಿದ್ದ" ಅನ್ನುತ್ತಾನೆ. ನಾನು ಸುಮ್ಮನೆ ಕೇಳುತ್ತೇನೆ.

ಪ್ರಯೋಗಾಲಯದ ಲೆಕ್ಕ ಇನ್ನೂ ಬಿಗಿ. ಅಲ್ಲಿ ವಾರಕ್ಕೆ ಒಂದೇ ಸರದಿ. ಹನ್ನೆರಡು ಸರದಿ ನಡೆದು, ಎರಡು ತಪ್ಪಿದರೂ ಶೇ. 83.3. ಕೊರತೆಯ ಪಟ್ಟಿಯಲ್ಲಿ ಹೆಸರು ಬಂತು.

ಇನ್ನೊಂದು ವಾದ ಸರಾಸರಿಯದು. "ಅಕ್ಕೋರ, ಎಲ್ಲಾ ಕೂಡಿಸಿ 87 ಐತಿ ನೋಡ್ರಿ" ಎಂದು ಹುಡುಗ ಮೊಬೈಲಿನಲ್ಲಿ ಕ್ಯಾಲ್ಕುಲೇಟರ್ ತೋರಿಸುತ್ತಾನೆ. ನೋಡುತ್ತೇನೆ: 94, 92, 90, 88, ಮತ್ತೆ ಗಣಿತ 71. ಕೂಡಿಸಿ ಐದರಿಂದ ಭಾಗಿಸಿದರೆ ಸರಿಯಾಗಿ 87 ಬರುತ್ತದೆ. ಲೆಕ್ಕ ತಪ್ಪಿಲ್ಲ, ಇಷ್ಟು ಚೆನ್ನಾಗಿ ಲೆಕ್ಕ ಮಾಡುವವನು ಗಣಿತದ ಕ್ಲಾಸಿಗೆ ಯಾಕೆ ಹೋಗಲಿಲ್ಲವೋ. ನಿಯಮ ಕೇಳುವುದು ಪ್ರತಿ ವಿಷಯದ ಹಾಜರಿ. ನಾಲ್ಕು ವಿಷಯಗಳಲ್ಲಿ ಹೆಚ್ಚಿಗೆ ಕೂತದ್ದನ್ನು ಐದನೆಯದಕ್ಕೆ ಸಾಲ ಕೊಡಲು ಬರುವುದಿಲ್ಲ.

ಈಗ ನನ್ನ ತಲೆ ತಿನ್ನುವ ಮುಖ್ಯ ಮಾತಿಗೆ ಬರುತ್ತೇನೆ. ವಿಟಿಯು ಫಲಿತಾಂಶದ ಹಾಳೆಯಲ್ಲಿ ಪಾಸಾದವರಿಗೆ 'ಪಿ', ಫೇಲಾದವರಿಗೆ 'ಎಫ್', ಪರೀಕ್ಷೆಗೆ ಬಾರದವರಿಗೆ 'ಎ' ಇರುತ್ತದೆ. ಅದರ ಜೊತೆ 'ಎನ್‌ಇ' ಎಂದೂ ಒಂದಿದೆ, ಅಂದರೆ ಪರೀಕ್ಷೆಗೆ ಕೂರಲು ಅರ್ಹನೇ ಅಲ್ಲ. ಊರಲ್ಲಿ ಇವೆಲ್ಲಕ್ಕೂ ಒಂದೇ ಹೆಸರು: ಬ್ಯಾಕ್ ಉಳಿದೈತಿ. "ಬ್ಯಾಕ್ ಏನ್ರಿ, ಮುಂದಿನ ಸಲ ಬರದು ತಗೀತಾನ" ಎಂದು ಅಪ್ಪ ಸಮಾಧಾನದಲ್ಲಿ ಎದ್ದು ಹೊರಡುತ್ತಾನೆ. ನಾನು ಮತ್ತೆ ಕರೆದು ಕೂರಿಸುತ್ತೇನೆ. ಚಹಾ ತರಿಸುತ್ತೇನೆ, ಯಾಕೆಂದರೆ ಇದು ಲಗೂನೆ ಮುಗಿಯುವ ಮಾತಲ್ಲ.

ಎಫ್ ಬಂದವನ ಸ್ಥಿತಿ ಅಷ್ಟೇನೂ ಕೆಟ್ಟದ್ದಲ್ಲ. ಅವನು ವರ್ಗದಲ್ಲಿ ಕೂತಿದ್ದಾನೆ, ಟೆಸ್ಟು ಬರೆದಿದ್ದಾನೆ, ಅಸೈನ್‌ಮೆಂಟು ಕೊಟ್ಟಿದ್ದಾನೆ. 2022ರ ಸ್ಕೀಮಿನಲ್ಲಿ, ಅಂದರೆ ಆ ವರ್ಷ ಬಂದ ಪಠ್ಯಕ್ರಮ-ಅಂಕ ಪದ್ಧತಿಯಲ್ಲಿ, ಆಂತರಿಕ ಮೌಲ್ಯಮಾಪನಕ್ಕೆ 50 ಅಂಕ, ಅದರಲ್ಲಿ ಕನಿಷ್ಠ 20 ಬೇಕು. ಅಷ್ಟು ಅವನಿಗೆ ಬಂದಿದೆ. ಆ ಅಂಕ ಅವನ ಗಂಟಿನಲ್ಲಿ ಹಾಗೇ ಉಳಿಯುತ್ತದೆ. ಸೆಮಿಸ್ಟರ್ ಕೊನೆಯ 100 ಅಂಕದ ಪರೀಕ್ಷೆಯನ್ನು 50ಕ್ಕೆ ಇಳಿಸುತ್ತಾರೆ, ಅದರಲ್ಲಿ 18 ಬೇಕು. ಎರಡೂ ಸೇರಿ 40 ಆಗಬೇಕು. ಇಲ್ಲಿಯೂ ಒಂದು ಸಣ್ಣ ಗುಂಡಿ ಇದೆ: 20ಕ್ಕೆ 18 ಕೂಡಿದರೆ 38, ಪಾಸಲ್ಲ. ಏನೇ ಇರಲಿ, ಅವನು ಮುಂದಿನ ಪರೀಕ್ಷೆಗೆ ಫೀ ಕಟ್ಟಿ ಮೂರು ತಾಸು ಕೂತು ಬರೆದರೆ ಮುಗಿಯಿತು. ಮತ್ತೆ ಕ್ಲಾಸಿಗೆ ಹೋಗುವ ಪ್ರಶ್ನೆ ಇಲ್ಲ.

ಎನ್‌ಇ ಬಂದವನಿಗೆ ಬರೆಯಲು ಪರೀಕ್ಷೆಯೇ ಇಲ್ಲ. ಹಾಜರಿ ಕಡಿಮೆ ಇದ್ದರೂ ಎನ್‌ಇ, ಆಂತರಿಕದಲ್ಲಿ 20ರ ಬದಲು 19 ಬಂದರೂ ಎನ್‌ಇ. ಅವನು ಆ ವಿಷಯವನ್ನು ಮತ್ತೆ ನೋಂದಾಯಿಸಬೇಕು, ಮತ್ತೆ ಕೂರಬೇಕು, ಟೆಸ್ಟುಗಳನ್ನು ಮೊದಲಿನಿಂದ ಬರೆಯಬೇಕು. ಮೂರನೇ ಸೆಮಿಸ್ಟರಿನ ವಿಷಯ ಮತ್ತೆ ಪಾಠವಾಗುವುದು ಸಾಮಾನ್ಯವಾಗಿ ಮುಂದಿನ ವರ್ಷದ ಮೂರನೇ ಸೆಮಿಸ್ಟರಿಗೇ. ಬೇಸಿಗೆಯಲ್ಲಿ ನಡೆಸುವ ವ್ಯವಸ್ಥೆ ಇದ್ದ ಕಡೆ ಬೇರೆ ಮಾತು. ಆ ಹೊತ್ತಿಗೆ ಇವನ ಜೊತೆಗಾರರು ಐದನೆಯದಕ್ಕೆ ಹೋಗಿರುತ್ತಾರೆ, ಎರಡೂ ಕ್ಲಾಸು ಒಂದೇ ತಾಸಿಗೆ ಬಿದ್ದಿರುತ್ತವೆ. ನಡುವೆ ಸ್ಕೀಮು ಬದಲಾಗಿದ್ದರೆ ಹಳೆಯ ವಿಷಯಕ್ಕೆ ಹೊಸದರಲ್ಲಿ ಸಮಾನ ಯಾವುದು ಎಂದು ಹುಡುಕುವ ಕೆಲಸ ಬೇರೆ. ನಾಲ್ಕು ವರ್ಷದ ಬಿಇ ಮುಗಿಸಲು ಗರಿಷ್ಠ ಎಂಟು ವರ್ಷ, ಡಿಪ್ಲೊಮಾ ಮಾಡಿ ನೇರ ಎರಡನೇ ವರ್ಷಕ್ಕೆ ಬಂದವರಿಗೆ ಆರು. ಹಾಜರಿ ಇಲ್ಲದೆ ಕಳೆದ ವರ್ಷವೂ ಅದರೊಳಗೇ ಎಣಿಕೆಯಾಗುತ್ತದೆ.

ನಿಮ್ಮ ಮಗ ಯಾವ ವರ್ಷ ಸೇರಿದನೋ ಆ ಬ್ಯಾಚಿನ ನಿಯಮಾವಳಿಯೇ ಅವನಿಗೆ ಅನ್ವಯ. ಮುಂದಿನ ವರ್ಷಕ್ಕೆ ಏರಲು ಎಷ್ಟು ವಿಷಯ ಉಳಿಸಿಕೊಂಡಿದ್ದರೆ ನಡೆಯುತ್ತದೆ ಎಂಬುದು ಸ್ಕೀಮಿನಿಂದ ಸ್ಕೀಮಿಗೆ ಬದಲಾಗುತ್ತದೆ. ಸ್ವಾಯತ್ತ ಕಾಲೇಜುಗಳ ಪದ್ಧತಿ ಇನ್ನೂ ಬೇರೆ. ಪಕ್ಕದ ಮನೆಯ ಹುಡುಗನಿಗೆ ನಡೆದದ್ದು ನಿಮ್ಮವನಿಗೂ ನಡೆಯುತ್ತದೆಂದು ನಂಬಬೇಡಿ. ಬಿಎ, ಬಿಕಾಂ, ಬಿಎಸ್ಸಿ ಮಕ್ಕಳಿಗೆ ಸಾಮಾನ್ಯವಾಗಿ ಶೇ. 75ರ ಗೆರೆ, ಆದರೂ ನಿಮ್ಮ ಕಾಲೇಜಿನ ಆಫೀಸಿನಲ್ಲಿ ಕೇಳಿಯೇ ಖಾತ್ರಿ ಮಾಡಿಕೊಳ್ಳಿ.

"ಹಂಗಾರ ಪರೀಕ್ಷಾ ಫೀ ಯಾಕ ತಗೊಂಡ್ರಿ?" ಇದೂ ಬರುತ್ತದೆ, ಸ್ವಲ್ಪ ಜೋರು ದನಿಯಲ್ಲಿಯೇ ಬರುತ್ತದೆ. ಪರೀಕ್ಷೆಯ ಅರ್ಜಿ ತುಂಬಿಸಿಕೊಳ್ಳುವಾಗ ಕ್ಲಾಸು ಇನ್ನೂ ನಡೆದಿರುತ್ತವೆ. ಅರ್ಹತೆ ಗೊತ್ತಾಗುವುದು ಕೊನೆಯ ದಿನದ ಹಾಜರಿ ಮುಚ್ಚಿದ ಮೇಲೆ. ಫೀ ಕಟ್ಟಿದ ರಸೀದಿ ಅರ್ಜಿ ಹಾಕಿದ್ದಕ್ಕೆ ಸಾಕ್ಷಿ, ಕೂತದ್ದಕ್ಕೆ ಅಲ್ಲ.

ಬೆಳಗಾವಿಯ ಪಾಲಕರಿಗೆ ಮಾತ್ರ ಇರುವ ಒಂದು ಕಾಯಿಲೆ ಇದೆ. ವಿಟಿಯುಗೆ ರಾಜ್ಯದ ತುಂಬ ಸುಮಾರು 200 ಕಾಲೇಜುಗಳಿವೆ. ಮಂಗಳೂರಿನ ಅಪ್ಪ, ಕೋಲಾರದ ಅಪ್ಪ, ನಿಯಮ ಕೇಳಿ ತಲೆ ಮೇಲೆ ಕೈ ಹೊತ್ತು ಮನೆಗೆ ಹೋಗುತ್ತಾನೆ. ನಮ್ಮವರು ಹಾಗಲ್ಲ. "ಮಚ್ಛೆ ಇಲ್ಲೇ ಐತಲ್ರಿ, ನಾನss ಹೋಗಿ ಭೆಟ್ಟಿ ಆಗಿ ಬರ್ತೀನಿ" ಎನ್ನುತ್ತಾರೆ. 1998ರಲ್ಲಿ ವಿಶ್ವವಿದ್ಯಾಲಯ ನಮ್ಮೂರಿಗೆ ಬಂದದ್ದರಿಂದ ಆದ ಉಪಕಾರ ಬಹಳ, ಜೊತೆಗೆ ಈ ಉಪದ್ರವವೂ ಬಂತು. ಖಾನಾಪುರ ರಸ್ತೆಯ ಬಸ್ಸು ಹತ್ತಿ ವಿಶ್ವವಿದ್ಯಾಲಯದ ಆವರಣವಾದ ಜ್ಞಾನಸಂಗಮದ ಗೇಟಿಗೆ ಹೋಗುತ್ತಾರೆ. ಅಲ್ಲಿ ಯಾರೋ ಪಾಪ, ಕಾಲೇಜಿನಿಂದ ಬರಲಿ ಎನ್ನುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಬಿಸಿಲಲ್ಲಿ ಬಾಡಿ ನನ್ನ ಮುಂದೆಯೇ ಬಂದು ಕೂರುತ್ತಾರೆ, ಕೆಲವರ ಕೈಯಲ್ಲಿ ಅಲ್ಲಿಗೆಂದು ಒಯ್ದ ಗೋಕಾಕ ಕರದಂಟಿನ ಡಬ್ಬಿಯೂ ಇರುತ್ತದೆ. ಹಾಜರಿಯ ಕಡತ ಪ್ರಾಂಶುಪಾಲರ ಸಹಿಯೊಂದಿಗೆ ಕಾಲೇಜಿನಿಂದಲೇ ಹೋಗಬೇಕು, ಪಾಲಕರ ಕೈಯಲ್ಲಿ ಹೋಗುವುದಿಲ್ಲ. ಡಬ್ಬಿ ವಾಪಸ್ಸು ಒಯ್ಯಿರಿ ಎನ್ನುತ್ತೇನೆ. ಕರದಂಟು ಬಿಡುವುದು ನನಗೂ ಸುಲಭವಲ್ಲ.

ಸುಳ್ಳು ಸರ್ಟಿಫಿಕೇಟಿನ ಬಗ್ಗೆಯೂ ಹೇಳಬೇಕು. ಬಾಗಲಕೋಟೆ ಕಡೆಯ ಒಬ್ಬ ಸಿವಿಲ್ ಹುಡುಗ ಸತತ ಮೂರು ವಾರ ಮಲಗಿದ್ದೆ ಎಂದು ಕಾಗದ ತಂದ. ಮೊದಲ ದಿನದ ತಪಾಸಣೆ, ಕೊನೆಯ ದಿನದ ತಪಾಸಣೆ, ಎಲ್ಲವೂ ಒಂದೇ ಪೆನ್ನು, ಒಂದೇ ಓರೆ ಅಕ್ಷರ. ಇರಲಿ ಎಂದು ಸರ್ವೇ ಪ್ರಾಕ್ಟಿಕಲ್ಲಿನ ರೆಕಾರ್ಡು ತರಿಸಿದೆ. ಎರಡನೆಯ ವಾರ ಅವನ ಸಹಿ ಇದೆ, ಅವನೇ ತೆಗೆದುಕೊಂಡ ರೀಡಿಂಗುಗಳಿವೆ. "ಟೈಫಾಯ್ಡ್ ಬಂದಾಂವ ಮೈದಾನದಾಗ ಥಿಯೋಡೊಲೈಟ್ ಹಿಡಕೊಂಡು ನಿಂತಿದ್ದೇನೋ?" ಎಂದೆ. ಅವನಪ್ಪ ನನ್ನ ಕಡೆ ನೋಡಲಿಲ್ಲ, ಮಗನ ಕಡೆ ತಿರುಗಿದ. "ಕಾಗದಕ್ಕ ರೊಕ್ಕ ಎಷ್ಟ ಕೊಟ್ಟಿ?" ಎಂದಷ್ಟೇ ಕೇಳಿದ. ತಮಾಷೆಯೆಂದರೆ ಆ ಹುಡುಗ ಸರ್ವೇಯಲ್ಲಿ ನಿಜಕ್ಕೂ ಚುರುಕು. ಬೇರೆ ಮೂರು ವಿಷಯಗಳಲ್ಲಿ ಮಾತ್ರ ಕೂರಲಿಲ್ಲ.

ನಿಜವಾದ ಕಷ್ಟ ಬಂದವರ ಕಡತ ನಿಲ್ಲುವುದಿಲ್ಲ, ಇದನ್ನೂ ಗಟ್ಟಿಯಾಗಿ ಹೇಳುತ್ತೇನೆ. ರಬಕವಿ-ಬನಹಟ್ಟಿ ಕಡೆಯ ನೇಕಾರರ ಮನೆಯ ಹುಡುಗಿಯೊಬ್ಬಳ ತಾಯಿಗೆ ದಿಢೀರ್ ಆಪರೇಷನ್ ಆಯಿತು. ಹುಡುಗಿ ಮರುದಿನವೇ ತನ್ನ ಮೆಂಟರಿಗೆ ಫೋನು ಮಾಡಿದಳು. ವಾಪಸು ಬಂದ ದಿನ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡು, ಅರ್ಜಿ, ಎರಡನ್ನೂ ಕೊಟ್ಟಳು. ಎರಡು ವಿಷಯಗಳಲ್ಲಿ ಆಗಲೇ ಒಂಬತ್ತು ತಾಸು ತಪ್ಪಿದ್ದವು. ಮುಂದಿನ ಒಂದು ಕ್ಲಾಸೂ ಬಿಡಬೇಡ ಎಂದೆವು, ಬಿಡಲಿಲ್ಲ, ಕೊನೆಗೆ 40ಕ್ಕೆ 31 ಉಳಿಯಿತು. ಕೊರತೆಗೆ ಮಾಫಿ ಸಿಕ್ಕಿತು, ಪರೀಕ್ಷೆ ಬರೆದಳು. ಮೊದಲ ವಾರದಲ್ಲಿ ಹೇಳಿದ್ದರಿಂದ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕಿಕೊಡಲು ನಮಗೂ ಸಾಧ್ಯವಾಯಿತು. ಕೊನೆಯ ವಾರ ಬಂದಿದ್ದರೆ ಹನ್ನೊಂದನೆಯ ತಾಸು ಎಂದೋ ಹೋಗಿರುತ್ತಿತ್ತು.

ಕ್ರೀಡೆಯವರಿಗೂ ಹೀಗೆಯೇ. ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಸೈಕ್ಲಿಂಗಿನಲ್ಲಿ ಗಟ್ಟಿಗರು, ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗಿ ಹೋಗುತ್ತಾರೆ. ಹೋಗುವ ಮೊದಲೇ ದೈಹಿಕ ಶಿಕ್ಷಣ ನಿರ್ದೇಶಕರ ಪತ್ರ ಆಫೀಸಿಗೆ ಬಂದಿರಬೇಕು. ಊರ ಜಾತ್ರೆಯ ಸೈಕಲ್ ರೇಸಿನಲ್ಲಿ ಕಪ್ಪು ಗೆದ್ದದ್ದಕ್ಕೆ ನನ್ನಿಂದ ಶಭಾಷ್ ಸಿಗುತ್ತದೆ, ಹಾಜರಿಯಲ್ಲಿ ಮಾಫಿ ಸಿಗುವುದಿಲ್ಲ.

ಎನ್‌ಇ ಈಗಾಗಲೇ ಬಂದುಬಿಟ್ಟಿದ್ದರೆ ಹುಡುಗನನ್ನು ಊರಿಗೆ ಕರೆದುಕೊಂಡು ಹೋಗಿ ಸುಮ್ಮನೆ ಕೂರಿಸಬೇಡಿ. ಹೇಳದೆ ಕೇಳದೆ ನಿಂತುಬಿಟ್ಟವರೇ ಎಂಟು ವರ್ಷದ ಗಡುವಿಗೆ ಸಿಕ್ಕಿಬೀಳುವುದು. ಫಲಿತಾಂಶ ಬಂದ ವಾರವೇ ಆಫೀಸಿಗೆ ಬನ್ನಿ. ಯಾವ ವಿಷಯ ಮತ್ತೆ ಯಾವಾಗ ನಡೆಯುತ್ತದೆ, ನೋಂದಣಿಯ ಕೊನೆಯ ದಿನ ಯಾವುದು, ಫೀ ಎಷ್ಟು ಎಂದು ಬರೆಸಿಕೊಂಡು ಹೋಗಿ. ಸರ್ಕಾರಿ ವಿದ್ಯಾರ್ಥಿವೇತನವೋ ಬ್ಯಾಂಕ್ ಸಾಲವೋ ಇದ್ದರೆ, ವರ್ಷ ಹಿಂದೆ ಬಿದ್ದಾಗ ಅದರ ಗತಿ ಏನು ಎಂದು ಅಲ್ಲಿಯೂ ಅಂದೇ ವಿಚಾರಿಸಿ. ಬರುವಾಗ ಹುಡುಗನನ್ನು ಕರೆತನ್ನಿ, ನಾನು ಕೇಳುವ ಪ್ರಶ್ನೆಗಳಿಗೆ ಉತ್ತರ ಇರುವುದು ಅವನ ಹತ್ತಿರವೇ.