ಪರಸಿ ಸಂದಿಯ ಕಸ: ಮದ್ದಿಗಿಂತ ಮೊದಲು ಕಲ್ಲು ನೋಡಿ

ಅಂಗಳದ ಪರಸಿ, ಅಂದರೆ ಹಾಸುಗಲ್ಲಿನ, ಸಂದಿಯಲ್ಲಿ ಎದ್ದ ಕಸಕ್ಕೆ ವಿನೆಗರ್, ಉಪ್ಪು, ಸೋಪು ಕಲಸಿ ಹೊಡೆಯುವುದು ಎಲ್ಲರ ಬಾಯಲ್ಲೂ ಇರುವ ಮನೆಮದ್ದು. ಕಲಬುರಗಿಯಲ್ಲಿ ಅದನ್ನು ಹಾಗೇ ಹೊಡೆದರೆ ಕಸ ಮತ್ತೆ ಚಿಗುರುತ್ತದೆ, ಕೆಡುವುದು ಕಲ್ಲು.

ಕಿರಾಣಿ ಅಂಗಡಿಯ ವಿನೆಗರ್‌ನಲ್ಲಿರುವುದು 4–5% ಅಸಿಟಿಕ್ ಆಮ್ಲ. ತಾಗಿದ ಎಲೆಯ ಜೀವಕೋಶದ ಪೊರೆ ಒಡೆದು, ನೀರು ಸೋರಿ, ಎಲೆ ಸುಟ್ಟಂತಾಗುತ್ತದೆ. ಆದರೆ ಅದು ಬೇರಿಗೆ ಇಳಿಯುವುದಿಲ್ಲ. ಎರಡು–ನಾಲ್ಕು ಎಲೆಯ ಸಸಿ ಸಾಯಬಹುದು. ಜೇಕು ತನ್ನ ಗಡ್ಡೆಯಿಂದ, ಕರಿಕೆ ತನ್ನ ಬೇರುಕಾಂಡದಿಂದ ಮತ್ತೆ ಏಳುತ್ತವೆ.

ಇನ್ನು ಕಲ್ಲಿನ ವಿಷಯ. ಕಲಬುರಗಿ ಕಡೆಯ ಶಹಾಬಾದ್ ಪರಸಿ ಎಂದರೆ ಸುಣ್ಣದ ಕಲ್ಲು, ಅಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಇದಕ್ಕೆ ಆಮ್ಲ ತಾಗಿದರೆ ಕಾರ್ಬನ್ ಡೈಆಕ್ಸೈಡ್ ಗುಳ್ಳೆಯಾಗಿ ಹೋಗುತ್ತದೆ, ಕಲ್ಲು ಕರಗುತ್ತದೆ. ಲೆಕ್ಕ ಹಾಕಿ: 4% ವಿನೆಗರ್ ಒಂದು ಲೀಟರ್‌ನಲ್ಲಿ ಸುಮಾರು 40 ಗ್ರಾಂ ಆಮ್ಲ, 120 ಗ್ರಾಂ ಆಮ್ಲಕ್ಕೆ 100 ಗ್ರಾಂ ಕಾರ್ಬೊನೇಟ್ ಬೇಕು, ಹಾಗಾಗಿ ಪೂರ್ತಿ ವರ್ತಿಸಿದರೆ 33 ಗ್ರಾಂ ಕಲ್ಲು ಕರಗುತ್ತದೆ. ನುಣುಪು ಹೋಗಿ ಬಿಳಿಚಿದ, ಒರಟು ಕಲೆ ಉಳಿಯುತ್ತದೆ. ಆ ಒರಟಿನಲ್ಲಿ ಧೂಳು ಇನ್ನಷ್ಟು ಕೂರುತ್ತದೆ.

ಯಾವ ಕಲ್ಲೆಂದು ಗೊತ್ತಿಲ್ಲದಿದ್ದರೆ ಮೂಲೆಯಲ್ಲಿ ಮೊಳೆಯಿಂದ ಗೀರಿ, ಎದ್ದ ಪುಡಿಯ ಮೇಲೆ ಎರಡು ಹನಿ ವಿನೆಗರ್ ಬಿಡಿ. ನೊರೆ ಬಂದರೆ ಸುಣ್ಣದ ಕಲ್ಲು. ಯಾದಗಿರಿ ಕಡೆಯ ಗ್ರಾನೈಟ್ ಸುಮ್ಮನಿರುತ್ತದೆ; ಅದರ ಮೇಲೆ ಲೀಟರ್ ವಿನೆಗರ್‌ಗೆ ಅರ್ಧ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿ, ಒಣ ಬಿಸಿಲಿನಲ್ಲಿ ಹೊಡೆಯಬಹುದು. ಸೋಪು ಕಸ ಕೊಲ್ಲಲು ಅಲ್ಲ, ಗೋಳಿ ಸೊಪ್ಪಿನಂಥ ಮೇಣದೆಲೆಯ ಮೇಲೆ ಹನಿ ಜಾರದೆ ಹರಡಲಿ ಎಂದು. ಸಂದಿಗೆ ಸಿಮೆಂಟ್ ತುಂಬಿದ್ದರೆ ಗ್ರಾನೈಟ್‌ಗೂ ಬೇಡ, ಆಮ್ಲ ಸಿಮೆಂಟನ್ನೂ ತಿನ್ನುತ್ತದೆ.

ಉಪ್ಪನ್ನು ನಾವು ಯಾವ ಕಲ್ಲಿಗೂ ಹೇಳುವುದಿಲ್ಲ. ಮಳೆ ಬಂದಾಗ ಅದು ಪಕ್ಕದ ಎರೆ ಮಣ್ಣಿಗೆ ಇಳಿಯುತ್ತದೆ. ಉಪ್ಪಿನ ಸೋಡಿಯಂ ಸೇರಿದ ಎರೆಯ ಕಣಗಳು ಬಿಡಿಬಿಡಿಯಾಗಿ ರಂಧ್ರ ಮುಚ್ಚಿಕೊಳ್ಳುತ್ತವೆ, ನೀರು ಇಂಗುವುದು ನಿಲ್ಲುತ್ತದೆ. ಕರಿಬೇವು, ದಾಸವಾಳ ಒಣಗಲು ಶುರುವಾದಾಗ ಕಾರಣವೇ ಹೊಳೆಯುವುದಿಲ್ಲ. ಬೀದರ್‌ನ ಜಂಬಿಟ್ಟಿಗೆ ಕಲ್ಲಿನ ತುಂಬ ರಂಧ್ರಗಳು. ಉಪ್ಪುನೀರು ಒಳಗೆ ಹರಳುಗಟ್ಟಿ ಮೇಲ್ಪದರ ಉದುರಿಸುತ್ತದೆ. ಕಾಂಕ್ರೀಟ್ ಒಳಗಿನ ಕಬ್ಬಿಣಕ್ಕೆ ತುಕ್ಕು ಬೇರೆ. ಉಪ್ಪಿನ ಬದಲು ಅಡಿಗೆ ಸೋಡಾ ಹಾಕೋಣವೆಂದರೆ ಅದರಲ್ಲಿರುವುದೂ ಸೋಡಿಯಮ್ಮೇ.

ಕುದಿಯುವ ನೀರು ಮೂರೂ ಕಲ್ಲಿಗೆ ನಡೆಯುತ್ತದೆ. ಮೂತಿಯಿರುವ ಕೆಟಲ್‌ನಿಂದ, ಎಲೆಯ ಮೇಲಲ್ಲ, ಗಿಡದ ಬುಡಕ್ಕೇ ನಿಧಾನ ಸುರಿಯಿರಿ. ಒಂದೆರಡು ಅಡಿ ಸಂದಿಗೆ ಒಂದು ಲೀಟರ್. ಒಲೆಯಿಂದ ಗೇಟಿನವರೆಗೆ ಬಕೆಟ್‌ನಲ್ಲಿ ಒಯ್ದರೆ ಆರಿಹೋಗಿರುತ್ತದೆ. ಸೋಲುವುದು ಹೆಚ್ಚಾಗಿ ಇಲ್ಲೇ. ಮಳೆ ನಿಂತ ತಕ್ಷಣವೂ ಬೇಡ, ಒದ್ದೆ ಮಣ್ಣು ಕಾವು ಹೀರಿಬಿಡುತ್ತದೆ. ಕರಿಕೆಗೆ ಎರಡು ವಾರಕ್ಕೊಮ್ಮೆ, ಮೂರು ಸಲವಾದರೂ ಬೇಕು. ಚಪ್ಪಲಿ ಸಾಲದು, ಬೂಟು ಹಾಕಿ.

ಕಾಂಗ್ರೆಸ್ ಕಸಕ್ಕೆ ಮದ್ದೇ ಬೇಕಿಲ್ಲ. ಜೂನ್ ಮಳೆಗೆ ಎದ್ದದ್ದನ್ನು ಹೂ ಬಿಡುವ ಮೊದಲು ಕೈಗವಸು ಹಾಕಿ ಬೇರುಸಹಿತ ಕೀಳಿ. ಅದರಿಂದ ಚರ್ಮದ ಅಲರ್ಜಿ ಬರುತ್ತದೆ, ಒಂದೇ ಗಿಡ ಸಾವಿರಾರು ಬೀಜ ಉದುರಿಸುತ್ತದೆ.

ಸಂದಿಯ ಕಸ ಹೆಚ್ಚಾಗಿ ಕೆಳಗಿನಿಂದ ಬರುವುದಲ್ಲ, ಸಂದಿಯಲ್ಲಿ ಕೂತ ಧೂಳಿಗೆ ಬಿದ್ದ ಬೀಜದಿಂದ ಹುಟ್ಟುವುದು. ಆದ್ದರಿಂದ ಕಸ ಸತ್ತ ಮೇಲೆ ಕುರ್ಪಿಯಿಂದ ಒಂದಿಂಚು ಕೆರೆದು, ತೊಳೆದು, ಒದ್ದೆಯಿರುವಾಗಲೇ 1:3 ಸಿಮೆಂಟ್–ಮರಳು ಗಟ್ಟಿಯಾಗಿ ಒತ್ತಿ ತುಂಬಿ, 7 ದಿನ ನೀರುಣಿಸಿ. ಪರಸಿಗೆ ಮೆತ್ತಿದ ಸಿಮೆಂಟನ್ನು ಆಗಲೇ ಒದ್ದೆ ಗೋಣಿಚೀಲದಿಂದ ಒರೆಸಿಬಿಡಿ. ಒಣಗಿದ ಮೇಲೆ ಟಾಯ್ಲೆಟ್ ಆಸಿಡ್ ಹಾಕಿ ತೆಗೆದರೆ ಶಹಾಬಾದ್ ಕಲ್ಲಿಗೆ ವಿನೆಗರ್‌ಗಿಂತ ದೊಡ್ಡ ಪೆಟ್ಟು. ಆ ಆಸಿಡ್ಡಾಗಲಿ ವಿನೆಗರ್ರಾಗಲಿ ಬ್ಲೀಚಿಂಗ್ ಪುಡಿಯೊಂದಿಗೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಬ್ಲೀಚಿಂಗ್ ಪುಡಿಯನ್ನು ಇವೆರಡರಲ್ಲಿ ಯಾವುದರೊಂದಿಗೂ ಒಂದೇ ಬಕೆಟ್‌ಗೆ ಹಾಕಬೇಡಿ.