ಬಾಲ್ಕನಿಯ ಕೈತೋಟಕ್ಕೆ ಮೊದಲು ಬಿಸಿಲಿನ ಲೆಕ್ಕ

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಕೈತೋಟ ಮಾಡಲು ಸಲಹೆ ಕೇಳುವವರು ಸಾಮಾನ್ಯವಾಗಿ ಮಣ್ಣು, ಗೊಬ್ಬರಗಳಿಂದಲೇ ಮಾತು ಆರಂಭಿಸುತ್ತಾರೆ. ನಾನು ಮೊದಲು ಕೇಳುವುದು ಬಾಲ್ಕನಿ ಯಾವ ದಿಕ್ಕಿಗೆ ತೆರೆದಿದೆ ಎಂದು. ಕಳಪೆ ಮಣ್ಣನ್ನು ಬದಲಾಯಿಸಬಹುದು, ಸಾಲದ ಗೊಬ್ಬರವನ್ನು ಸೇರಿಸಬಹುದು. ಮೇಲಿನ ಮನೆಯ ಬಾಲ್ಕನಿ ಮರೆಮಾಡಿದ ಬಿಸಿಲನ್ನು ಮಾತ್ರ ಯಾವ ನರ್ಸರಿಯಿಂದಲೂ ತರಲಾಗದು.

ಟೊಮೆಟೊ, ಮೆಣಸಿನಕಾಯಿ, ಬದನೆಯಂತಹ ಕಾಯಿ ಬಿಡುವ ಗಿಡಗಳಿಗೆ ದಿನಕ್ಕೆ ಸುಮಾರು ಆರು ಗಂಟೆ ನೇರ ಬಿಸಿಲು ಬೇಕು. ದಂಟು, ಮೆಂತ್ಯ, ಕೊತ್ತಂಬರಿ, ಪುದೀನಗಳಿಗೆ ಮೂರು ನಾಲ್ಕು ಗಂಟೆ ಸಾಕು. ಹೆಚ್ಚಿನವರಿಗೆ ಇಷ್ಟು ತಿಳಿದಿರುತ್ತದೆ. ಆದರೆ ಒಂದೇ ಬಾಲ್ಕನಿಯ ಬಿಸಿಲು ವರ್ಷದುದ್ದಕ್ಕೂ ಒಂದೇ ತೆರನಾಗಿ ಇರುವುದಿಲ್ಲ ಎಂಬುದನ್ನು ಗಮನಿಸುವವರು ಕಡಿಮೆ. ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ನೇರಕ್ಕೆ ಬರುತ್ತಾನೆ. ಈ ಎರಡು ದಿನಗಳ ನಡುವಿನ ಅವಧಿಯಲ್ಲಿ ಅವನು ನೆತ್ತಿಯಿಂದ ಉತ್ತರಕ್ಕೆ ಸರಿದು ಸಾಗುತ್ತಾನೆ. ಹೀಗಾಗಿ ದಕ್ಷಿಣಕ್ಕೆ ಮಾತ್ರ ತೆರೆದ ಬಾಲ್ಕನಿಗೆ ಮೇ, ಜೂನ್, ಜುಲೈ ತಿಂಗಳುಗಳಲ್ಲಿ ನೇರ ಬಿಸಿಲು ದೊರೆಯುವುದಿಲ್ಲ. ಡಿಸೆಂಬರಿನಲ್ಲಿ ಪರಿಸ್ಥಿತಿ ತಿರುವುಮುರುವಾಗುತ್ತದೆ: ಸೂರ್ಯ ದಕ್ಷಿಣದಲ್ಲಿ ಓರೆಯಾಗಿ ಸಾಗುವುದರಿಂದ ನಾಲ್ಕು ಅಡಿ ಆಳದ ಬಾಲ್ಕನಿಯಲ್ಲಿ ಹಿಂಬದಿಯ ಗೋಡೆಯವರೆಗೂ ಬಿಸಿಲು ಹರಡುತ್ತದೆ.

ಆದ್ದರಿಂದ ದಕ್ಷಿಣದ ಬಾಲ್ಕನಿಯವರು ಬೇಸಿಗೆಯ ಕೊನೆಯಲ್ಲಿ ಟೊಮೆಟೊ ಸಸಿ ತಂದು, ಹೂ ಬಿಡಲಿಲ್ಲವೆಂದು ಬೇಸರಪಡುವ ಬದಲು, ಆಗಸ್ಟ್ ಕೊನೆಯಲ್ಲಿ ಬೀಜ ಹಾಕಿ ಸೆಪ್ಟೆಂಬರ್ ಕೊನೆಯಲ್ಲಿ ಸಸಿ ನೆಡಬೇಕು. ಡಿಸೆಂಬರಿನ ಹೊತ್ತಿಗೆ ಹಣ್ಣು ಕೈಗೆ ಬರುತ್ತದೆ. ಮಳೆಗಾಲದ ಮಬ್ಬಿನಲ್ಲಿ ಅದೇ ಜಾಗದಲ್ಲಿ ಬಸಳೆ, ದೊಡ್ಡಪತ್ರೆಗಳನ್ನು ಇಟ್ಟುಕೊಳ್ಳುವುದು ವಿವೇಕ. ಬೆಳಗಿನ ಎಳೆಬಿಸಿಲು ಸಿಗುವ ಪೂರ್ವದ ಬಾಲ್ಕನಿ ಸೊಪ್ಪುಗಳಿಗೆ ಎಲ್ಲಕ್ಕಿಂತ ಹಿತವಾದದ್ದು. ಪಶ್ಚಿಮದ್ದಾದರೆ ಮಾರ್ಚ್, ಏಪ್ರಿಲ್ ತಿಂಗಳುಗಳಲ್ಲಿ ನೆರಳುಪರದೆ ಕಟ್ಟಬೇಕಾಗುತ್ತದೆ. ಉತ್ತರದ ಬಾಲ್ಕನಿಯಲ್ಲಿ ಕಾಯಿ ತರಕಾರಿಯ ಆಸೆಯನ್ನು ಬಿಟ್ಟುಬಿಡುವುದೇ ಒಳ್ಳೆಯದೆಂದು ನಾನು ನೇರವಾಗಿ ಹೇಳುತ್ತೇನೆ. ಪುದೀನವನ್ನಂತೂ ಅಲ್ಲಿ ಸೊಗಸಾಗಿ ಬೆಳೆಯಬಹುದು.

ದಿಕ್ಕು ಸರಿಯಿದ್ದೂ ಗಿಡ ಸೊರಗುವುದಕ್ಕೆ ಇನ್ನೊಂದು ಕಾರಣ ಬಾಲ್ಕನಿಯ ಅಡ್ಡಗೋಡೆ. ಮೂರು ಅಡಿ ಎತ್ತರದ ಗಟ್ಟಿ ಗೋಡೆಯ ನೆರಳು ಡಿಸೆಂಬರಿನ ನಡುಮಧ್ಯಾಹ್ನದಲ್ಲೂ ಎರಡು ಅಡಿಗಿಂತ ಹೆಚ್ಚು ಒಳಗೆ ಬೀಳುತ್ತದೆ. ಕುಂಡಗಳನ್ನು ಗೋಡೆಗೆ ಒತ್ತಿ ನೆಲದ ಮೇಲಿಟ್ಟರೆ ಅವು ನೆರಳಿನಲ್ಲೇ ಉಳಿಯುತ್ತವೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಏರಿಸಿಟ್ಟರೆ ಅದೇ ಗಿಡಗಳು ಚೇತರಿಸಿಕೊಳ್ಳುತ್ತವೆ.

ಮಣ್ಣಿನ ವಿಷಯ ಇಷ್ಟು ಕಠಿಣವಲ್ಲ. ಕೆಮ್ಮಣ್ಣು, ಎರೆಗೊಬ್ಬರ, ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮೂರನ್ನೂ ಸಮಪ್ರಮಾಣದಲ್ಲಿ ಬೆರೆಸಿ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ ಸೇರಿಸಿದರೆ ಸಾಕು. ಕೊಕೊಪೀಟಿನಲ್ಲಿ ಉಪ್ಪಿನಂಶ ಇರಬಹುದಾದ್ದರಿಂದ ಅದನ್ನು ನೆನೆಸಿ, ನೀರು ಬಸಿದು ಬಳಸಬೇಕು. ಸೊಪ್ಪಿಗೆ ಆರು ಅಂಗುಲ ಆಳದ ಟ್ರೇ ಸಾಕಾದರೆ, ಟೊಮೆಟೊ, ಬದನೆಗೆ ಒಂದಡಿ ಆಳದ ಕುಂಡ ಅಥವಾ ಗ್ರೋ ಬ್ಯಾಗ್ ಬೇಕು.

ಬಾಲ್ಕನಿಯಲ್ಲಿ ಗಿಡಗಳು ಬಾಡುವುದಕ್ಕಿಂತ ಹೆಚ್ಚಾಗಿ ಕೊಳೆಯುತ್ತವೆ. ಬೇರಿಗೆ ಗಾಳಿಯಾಡದೆ ಎಲೆ ಹಳದಿಯಾದಾಗ, ನೀರು ಸಾಲದೆಂದು ಭಾವಿಸಿ ಮನೆಯವರು ಇನ್ನಷ್ಟು ನೀರು ಹಾಕುತ್ತಾರೆ, ಗಿಡ ಉಳಿಯುವುದಿಲ್ಲ. ಬೆರಳನ್ನು ಒಂದು ಅಂಗುಲ ಮಣ್ಣಿನೊಳಗೆ ಇಳಿಸಿ, ತೇವವಿದ್ದರೆ ಅಂದು ನೀರು ಹಾಕಬಾರದು. ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಬೇಕು. ಕೊಳವೆಬಾವಿಯ ಗಡಸು ನೀರು ಬಳಸುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಪೊರೆ ಕಟ್ಟತೊಡಗಿದರೆ, ಹಿಡಿದಿಟ್ಟ ಮಳೆನೀರನ್ನು ತಳದಿಂದ ಧಾರಾಳವಾಗಿ ಹರಿದುಹೋಗುವಂತೆ ಒಮ್ಮೆ ಹಾಯಿಸುವುದು ಉಪಯುಕ್ತ.

ಹೊಸಬರು ಮೆಂತ್ಯದಿಂದ ಆರಂಭಿಸಲಿ ಎಂಬುದು ನನ್ನ ಅಭಿಪ್ರಾಯ. ಅಡುಗೆಮನೆಯ ಡಬ್ಬಿಯಲ್ಲಿರುವ ಕಾಳನ್ನೇ ರಾತ್ರಿ ನೆನೆಸಿ ಬಿತ್ತಿದರೆ ಕೆಲವೇ ದಿನಗಳಲ್ಲಿ ಮೊಳೆತು, ಮೂರು ನಾಲ್ಕು ವಾರದಲ್ಲಿ ಸೊಪ್ಪು ಕೊಯ್ಲಿಗೆ ಬರುತ್ತದೆ. ಕೊತ್ತಂಬರಿ ಬೀಜವನ್ನು ಎರಡು ಹೋಳಾಗುವಂತೆ ಮೆಲ್ಲಗೆ ಉಜ್ಜಿ ಬಿತ್ತಬೇಕು, ಮತ್ತು ಮೊಳೆಯಲು ಹತ್ತು ದಿನವಾದರೂ ಕಾಯುವ ತಾಳ್ಮೆ ಬೇಕು. ದಂಟಿನಲ್ಲಿ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ತಳಿಯನ್ನು ಕತ್ತರಿಸಿದಷ್ಟೂ ಮತ್ತೆ ಚಿಗುರುವ ಗುಣಕ್ಕಾಗಿ ನಾನು ಇಷ್ಟಪಡುತ್ತೇನೆ. ಪುದೀನಕ್ಕೆ ಪ್ರತ್ಯೇಕ ಕುಂಡವಿರಲಿ. ಅದು ಪಕ್ಕದ ಗಿಡಕ್ಕೆ ಜಾಗ ಬಿಡುವುದಿಲ್ಲ.

ಹಿಟ್ಟು ತಿಗಣೆ, ಗಿಡಹೇನು ಕಂಡೊಡನೆ ಔಷಧಿಗೆ ಕೈಹಾಕದೆ ಮೊದಲು ನೀರಿನ ರಭಸದಿಂದ ತೊಳೆಯಿರಿ. ಆಮೇಲೂ ಉಳಿದರೆ, ಒಂದು ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆಯನ್ನು ತುಸು ಸೋಪಿನ ದ್ರಾವಣದೊಂದಿಗೆ ಬೆರೆಸಿ, ಸಂಜೆ ಎಲೆಗಳ ಅಡಿಭಾಗಕ್ಕೆ ತಲುಪುವಂತೆ ಸಿಂಪಡಿಸಬೇಕು.

ಎತ್ತರದ ಮಹಡಿಗಳಲ್ಲಿ ಹೀರೆ ಬಳ್ಳಿ ಹಬ್ಬಿಸುವವರಿಗೆ ಇನ್ನೊಂದು ಕೆಲಸವಿದೆ. ಹೀರೆಯ ಹೂ ಸಂಜೆ ಅರಳುತ್ತದೆ. ಪರಾಗ ಒಯ್ಯುವ ಕೀಟಗಳು ಅಷ್ಟು ಮೇಲಕ್ಕೆ ಬಾರದಿದ್ದರೆ ಎಳೆಗಾಯಿಗಳು ಹಳದಿಯಾಗಿ ಉದುರಿಹೋಗುತ್ತವೆ. ಗಂಡು ಹೂವೊಂದನ್ನು ಕಿತ್ತು, ಬುಡದಲ್ಲಿ ಪುಟ್ಟ ಹೀಚಿರುವ ಹೆಣ್ಣು ಹೂವಿನ ನಡುಭಾಗಕ್ಕೆ ಅದೇ ಸಂಜೆ ನವಿರಾಗಿ ಸವರಿದರೆ ಕಾಯಿ ಕಚ್ಚುತ್ತದೆ.