ಅಫ್ಲಾಟಾಕ್ಸಿನ್: ಬೂಷ್ಟು ಒರೆಸಿದರೂ ಹೋಗದ ವಿಷ

ಹೆಸರನ್ನು ಬಿಡಿಸಿದರೆ ಅರ್ಥ ಅಲ್ಲೇ ಇದೆ. ಅಸ್ಪರ್ಜಿಲಸ್ ಎಂಬ ಬೂಷ್ಟಿನಿಂದ ‘ಅ’, ಅದರ ಫ್ಲೇವಸ್ ಎಂಬ ಪ್ರಭೇದದಿಂದ ‘ಫ್ಲಾ’, ವಿಷ ಎನ್ನಲು ‘ಟಾಕ್ಸಿನ್’. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತಾಗ ಕಾರಣ ಹೊಳೆಯದೆ ‘ಟರ್ಕಿ ಎಕ್ಸ್ ರೋಗ’ ಎಂದರು. ಕೊನೆಗೆ ಅವುಗಳ ಮೇವಿನ ಕಡಲೆಕಾಯಿ ಹಿಂಡಿಯಲ್ಲಿ ಈ ವಿಷ ಸಿಕ್ಕಿತು.

ಇದರಲ್ಲಿ ಮುಖ್ಯವಾದವು ಬಿ1, ಬಿ2, ಜಿ1, ಜಿ2. ನೇರಳಾತೀತ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುವುದು ಬಿ, ಹಸಿರಾಗಿ ಹೊಳೆಯುವುದು ಜಿ. ಎಲ್ಲಕ್ಕಿಂತ ಅಪಾಯಕಾರಿ ಬಿ1. ಅದಿರುವ ಮೇವು ತಿಂದ ಹಸುವಿನ ಹಾಲಿನಲ್ಲಿ ಎಂ1 ಎಂಬ ರೂಪ ಇಳಿದು ಬರುತ್ತದೆ.

ವಿಪರ್ಯಾಸವೆಂದರೆ, ಬಿ1 ತಾನಾಗಿಯೇ ಡಿಎನ್‌ಎಗೆ ಅಂಟುವುದಿಲ್ಲ. ಅದನ್ನು ಹೊರಹಾಕಲು ಹೊರಟ ಯಕೃತ್ತಿನ ಕಿಣ್ವಗಳೇ ಅದನ್ನು ಎಪಾಕ್ಸೈಡ್ ಎಂಬ, ಬೇಗ ಅಂಟಿಕೊಳ್ಳುವ ರೂಪಕ್ಕೆ ತಿರುಗಿಸಿಬಿಡುತ್ತವೆ. ಅದು ಡಿಎನ್‌ಎಯ ‘ಜಿ’ ಅಕ್ಷರವಾದ ಗ್ವಾನಿನ್‌ಗೆ ಕಚ್ಚಿಕೊಳ್ಳುತ್ತದೆ. ಗಡ್ಡೆ ಬೆಳೆಯದಂತೆ ಕಾಯುವ ಟಿಪಿ53 ಜೀನಿನ 249ನೇ ಕೋಡಾನ್‌ನಲ್ಲಿ (ಮೂರಕ್ಷರದ ತುಣುಕಿನಲ್ಲಿ) ಆ ‘ಜಿ’ ಇದ್ದ ಕಡೆ ‘ಟಿ’ ಎಂಬ ಬೇರೆ ಅಕ್ಷರ ಬಂದು ಕೂರುವುದು ಇದರದೇ ಹೆಜ್ಜೆಗುರುತು. ಹೆಪಟೈಟಿಸ್ ಬಿ ಸೋಂಕು ಮೊದಲೇ ಇದ್ದವರಲ್ಲಿ ಇದೇ ವಿಷ ಯಕೃತ್ತಿನ ಕ್ಯಾನ್ಸರ್ ತರುವ ಸಾಧ್ಯತೆ ಸೋಂಕಿಲ್ಲದವರಿಗಿಂತ ಸುಮಾರು 30 ಪಟ್ಟು. ಹಾಗಾಗಿ ಆ ಸೋಂಕಿನ ಲಸಿಕೆಯೂ ಈ ಕ್ಯಾನ್ಸರಿಗೆ ಒಂದು ತಡೆ.

‘ಬೇಯಿಸಿದರೆ ಆಯ್ತಲ್ಲ’ ಎನ್ನುವುದೇ ದೊಡ್ಡ ತಪ್ಪು. ಕುದಿಯುವ ನೀರು ಬೂಷ್ಟನ್ನು ಕೊಲ್ಲುತ್ತದೆ, ವಿಷವನ್ನಲ್ಲ. ಹುರಿದರೆ ಸ್ವಲ್ಪ ಕಡಿಮೆಯಾದೀತು, ಪೂರ್ತಿ ಹೋಗದು. ಬಣ್ಣ, ರುಚಿ, ವಾಸನೆ ಯಾವುದೂ ಇಲ್ಲದ್ದರಿಂದ ನಾಲಿಗೆಯೂ ಕಂಡುಹಿಡಿಯದು. ಕಹಿ ಬೀಜವನ್ನು ಉಗುಳುವುದು ಒಳ್ಳೆಯದೇ, ಆದರೆ ಕಹಿಯಿಲ್ಲ ಎಂದರೆ ವಿಷವಿಲ್ಲ ಎಂದಲ್ಲ.

ನಿಜವಾದ ಕೆಲಸ ಒಣಗಿಸುವುದರಲ್ಲಿದೆ. ಸುಲಿದ ಕಡಲೆಬೀಜದ ತೇವ 7 ಶೇಕಡಾ, ಮೆಕ್ಕೆಜೋಳದ್ದು 13 ಶೇಕಡಾ ಮೀರಬಾರದು. ಕಾಯಿ ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಅರೆ ಒಣಗಿದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ಬೆವರಿ, 25ರಿಂದ 35 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೂಷ್ಟಿಗೆ ಹಬ್ಬ. ಹೊಲದಲ್ಲೇ ಬರ ತಟ್ಟಿ, ಹುಳು ಕೊರೆದು ಸಿಪ್ಪೆ ಬಿರಿದ ಕಾಯಿಯಲ್ಲಿ ಅದು ಕಟಾವಿಗೆ ಮೊದಲೇ ಒಳಹೊಕ್ಕಿರುತ್ತದೆ.

ಇಡೀ ಚೀಲದ ವಿಷ ಬೆರಳೆಣಿಕೆಯ ಬೀಜಗಳಲ್ಲೇ ಕೂಡಿಕೊಂಡಿರುವುದು ಉಂಟು. ಮುರುಟಿದ್ದು, ಬಣ್ಣ ಕೆಟ್ಟದ್ದು, ಹಸಿರು ಹುಡಿ ಹತ್ತಿದ್ದು ಕಂಡರೆ ಆರಿಸಿ ಎಸೆಯಿರಿ; ಅದನ್ನು ದನಕ್ಕೆ ಹಾಕಿದರೆ ಹಾಲಿನ ದಾರಿಯಲ್ಲಿ ವಾಪಸ್ ಬರುತ್ತದೆ. ಪುಡಿ ಮಾಡಿದ ಮೇಲೆ ಆರಿಸಲು ಏನೂ ಉಳಿದಿರುವುದಿಲ್ಲ.